ಸರ್ವಿಯ ಹಲ್ಲು, ನನ್ನ ಪಂಚಾಯ್ತಿ

ಗೌಡಗೆರೆ ಹೋಬಳಿಯಲ್ಲಿ ನಾನು ರಾಜಿ ಮಾಡಿಸದ ಜಗಳವಿಲ್ಲ! ಬದು ಒತ್ತಿದವರು, ದನ ನುಗ್ಗಿಸಿದವರು, ಮುಖ ಕಂಡರೆ ಉಗಿಯುವ ದಾಯಾದಿಗಳು, ಎಲ್ಲರನ್ನೂ ಒಂದೇ ಕಂಬಳಿಯ ಮೇಲೆ ಕೂರಿಸಿ, ಒಬ್ಬರ ಬಾಯಿಗೆ ಇನ್ನೊಬ್ಬರ ಕೈಲಿ ಬೆಲ್ಲ ಇಡಿಸಿ ಕಳಿಸಿದವನು ಈ ಪಟೇಲ ನಾಗಲಿಂಗಯ್ಯ. ಅಮಲ್ದಾರರೇ ಒಮ್ಮೆ ಕುರ್ಚಿಯಿಂದ ಅರ್ಧ ಎದ್ದು ಭೇಷ್ ಅಂದಿದ್ದಾರೆ. ಇನ್ನು ಮನೆಯ ಎರಡು ಚಿಳ್ಳೆಪಿಳ್ಳೆಗಳ ವ್ಯಾಜ್ಯ ಯಾವ ಲೆಕ್ಕ?

ಮಗ ಅಡವಿಗೆ ಮೂರು ತುಂಬಿದೆ, ಮಗಳು ಸರ್ವಿಗೆ ಇನ್ನೂ ಎರಡಾಗಿಲ್ಲ. ಅವನು ಕೂದಲು ಜಗ್ಗುತ್ತಾನೆ, ಅವಳು ಕಚ್ಚುತ್ತಾಳೆ. ಅಬ್ಬಬ್ಬಾ, ಆ ಕಚ್ಚುವುದೋ! ಅಂಗೈಯಗಲದ ಮುಖ, ಅಕ್ಕಿಕಾಳಿನಂಥ ಹಲ್ಲು, ಆ ಶಕ್ತಿ ಎಲ್ಲಿಂದ ಬಂತೋ ಶಿವನೇ ಬಲ್ಲ.

ಕೊರಟಗೆರೆಯಿಂದ ಬಂದಿದ್ದ ನಮ್ಮತ್ತೆ ಕರಿಬಸಮ್ಮನವರು ಮೊಮ್ಮಗನ ಕೆನ್ನೆಯ ಗಾಯ ನೋಡಿ ಗಾಡಿ ಕಟ್ಟಿಸಿಯೇಬಿಟ್ಟರು. "ಹುಡುಗುನ್ನ ನಾನು ಕರ್ಕಂಡೋಗ್ತೀನಿ ಕಣಮ್ಮ. ಇವ್ಳಿಗೆ ಬುದ್ಧಿ ಬರೋಗಂಟ ಅಲ್ಲೇ ಇರ್ಲಿ."

ನನ್ನ ಹೆಂಡತಿ ಸರೋಜಮ್ಮನ ಕಣ್ಣು ತುಂಬಿತು. ಆದರೆ ಪಟೇಲ ಅಳಬಹುದೇ? "ಎತ್ತಿಗೆ ಒಂದ್ ಹಿಡಿ ಮೇವು ಹಾಕಿ ಅತ್ತೆ, ಅಷ್ಟ್ರಾಗೆ ರಾಜಿ ಮಾಡಿಸ್ತೀನಿ!" ಎಂದು ಮೀಸೆ ತಿರುವಿದೆ.

"ಹೆಂಗ್ ಮಾಡಿಸ್ತೀರ?" ಎಂದಳು ಸರೋಜಮ್ಮ.

"ಹೆಂಗೆ ಅಂದ್ರೆ? ಕಂಬ್ಳಿ ತಗಂಬಾ, ಬೆಲ್ಲ ತಗಂಬಾ!"

"ಅವು ಹಸುಗೂಸು ಕಣ್ರೀ! ನಿಮ್ ಪಂಚಾಯ್ತಿ ಅವಕ್ಕೇನ್ ಗೊತ್ತಾಗ್ತದೆ?"

"ನ್ಯಾಯ ಯಾರಿಗಾದ್ರೂ ಒಂದೇ ಕಣೇ!"

ಕಂಬಳಿ ಹಾಸಿ, ಪೇಟ ಸುತ್ತಿ, ಇಬ್ಬರನ್ನೂ ಎದುರುಬದುರು ಕೂರಿಸಿ, ಒಡಹುಟ್ಟಿದವರ ಧರ್ಮದ ಮೇಲೆ ಗಂಭೀರವಾಗಿ ಭಾಷಣ ಬಿಗಿದೆ. ಅಡವಿ ಕಂಬಳಿಯ ಎಳೆ ಕೀಳುತ್ತಿದ್ದ. ಸರ್ವಿ ನನ್ನ ಪಂಚೆಯ ಅಂಚು ಚೀಪುತ್ತಿದ್ದಳು.

"ಇಡ್ಲಾ ಮಗ, ತಂಗಿ ಬಾಯಿಗೆ ಬೆಲ್ಲ ಇಡು."

ಇಟ್ಟ. ಹೌದು ಸ್ವಾಮಿ, ಕಚ್ಚುವ ಕೂಸಿನ ಬಾಯಿಗೆ ಬೆಲ್ಲದ ಸಮೇತ ಬೆರಳನ್ನೂ ಇಡಿಸಿದ ಮಹಾ ಬುದ್ಧಿವಂತ ನಾನೇ! ಕಟಕ್! ಅಡವಿಯ ಕೂಗಿಗೆ ಗಾಡಿಯ ಎತ್ತುಗಳು ಬೆದರಿದವು. ಬಿಡಿಸಲೆಂದು ನಾನು ಬೆರಳು ತೂರಿಸಿದೆ. ಅಣ್ಣನದನ್ನು ಬಿಟ್ಟಳು, ನನ್ನದನ್ನು ಹಿಡಿದಳು. "ಬುಡೇ ತಾಯಿ, ಬುಡೇ!" ಎಂದು ಹೋಬಳಿಯ ಪಟೇಲ ಕಂಬಳಿಯ ಮೇಲೆ ತಕತಕ ಕುಣಿದ. ಆ ನೋವಿನಲ್ಲೂ ನನಗೆ ಬೆರಗೋ ಬೆರಗು, ಮನುಷ್ಯಮಾತ್ರದವಳಲ್ಲ ನನ್ನ ಮಗಳು!

"ಆಯ್ತಾ ರಾಜಿ?" ಎಂದು ಅತ್ತೆ ಅಡವಿಯನ್ನೆತ್ತಿ ಗಾಡಿಯಲ್ಲಿ ಕೂರಿಸಿದರು. ಸರೋಜಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಆಗ ನಡೆಯಿತು ನೋಡಿ! ನನ್ನ ಬೆರಳು ಬಿಟ್ಟ ಸರ್ವಿ, ತಟ್ಟಾಡುತ್ತ ಓಡಿ, "ಅಣ್ಣಾ!" ಎಂದು ಕಿರುಚಿ ಅಜ್ಜಿಯ ಮುಂಗೈಗೆ ಬಾಯಿ ಹಾಕಿದಳು. ಅಜ್ಜಿ ಅವಳನ್ನು ದೂಡಹೋದರೆ, ಮೇಲಿನಿಂದ ಅಡವಿ ಅಜ್ಜಿಯ ತುರುಬು ಹಿಡಿದು ಜಗ್ಗಿದ. "ನಮ್ ಸರ್ವೀನ ಮುಟ್ಬ್ಯಾಡ!" ಎಂದು ಗಾಡಿಯಿಂದ ಜಾರಿ ಬಂದು ತಂಗಿಯನ್ನು ತಬ್ಬಿಕೊಂಡ. ಇಂಥ ರಾಜಿಯನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ!

ಅತ್ತೆ ತುರುಬು ಕಟ್ಟಿಕೊಳ್ಳುತ್ತ ಸರೋಜಮ್ಮನತ್ತ ತಿರುಗಿದರು. "ಇವನ್ನ ಬ್ಯಾರೆ ಮಾಡಾದು ನನ್ನ ಕೈಲಾಗಲ್ಲ, ಎಲ್ಡೂ ಇಲ್ಲೇ ಇರ್ಲಿ ಕಣಮ್ಮ. ಕಟ್ಟಿದ ಗಾಡಿ ಯಾಕೆ ಸುಮ್ನೆ ಹೋಗ್ಬೇಕು? ಅಳಿಯಂದಿರ್ನೇ ಕರ್ಕಂಡೋಗ್ತೀನಿ. ಮನೇಲಿ ಜಗಳ ತಾನಾಗೇ ನಿಂತೋಗ್ತದೆ!"

ಸರೋಜಮ್ಮ ಕಣ್ಣೊರೆಸಿಕೊಂಡು ಸರಸರನೆ ಒಳಗೆ ಹೋದಳು, ನನ್ನ ಬಟ್ಟೆಗಂಟು ಕಟ್ಟಲು!