ಮಾವನ ಆಂಪ್ಲಿಫೈಯರ್ ಮತ್ತು ಒಂದು ಗುಂಯ್

ಸಂಗೀತಕ್ಕಾಗಿ ನಮ್ಮ ಸೋದರಮಾವ ಪಟ್ಟಷ್ಟು ಪಾಡನ್ನು ಇಡೀ ತುಮಕೂರಿನಲ್ಲಿ ಇನ್ನೊಬ್ಬರು ಪಟ್ಟಿಲ್ಲ. ಆದರೆ ಅವರು ಒಂದು ಕ್ಯಾಸೆಟ್ಟನ್ನಾದರೂ ಕೊನೆಯವರೆಗೆ ಕೇಳಿದ್ದನ್ನು ಬಹಳ ವರ್ಷ ಯಾರೂ ನೋಡಿರಲಿಲ್ಲ. ಇದು ಹೇಗೆ ಸಾಧ್ಯ ಅಂತೀರಾ? ಅವರ ಮನೆಯಲ್ಲಿ ಒಂದು ಹಳೇ ವಾಲ್ವ್ ಆಂಪ್ಲಿಫೈಯರ್ ಇತ್ತು.

ತೊಂಬತ್ತರ ದಶಕದ ಶುರುವಿನಲ್ಲಿ ಊರೆಲ್ಲ ಟೂ-ಇನ್-ಒನ್ ಕೊಳ್ಳುತ್ತಿದ್ದಾಗ ಮಾವ ಕುಣಿಗಲ್‌ನ ರೇಡಿಯೋ ರಿಪೇರಿ ಸಾಹೇಬರ ಅಂಗಡಿಯಿಂದ ಅದನ್ನು ತಂದರು. ವಯಸ್ಸಿನಲ್ಲಿ ಅದು ಅತ್ತೆಗಿಂತ ದೊಡ್ಡದು. ತೂಕದಲ್ಲಿ, ಅತ್ತೆಯೇ ಹೇಳುವಂತೆ, ರುಬ್ಬುಗುಂಡಿನ ಸಮ. ಬಸ್ಸಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯಲು ಬಂದರೆ ಮಾವ, "ಲಗೇಜ್ ಯಾಕ್ರೀ, ಫುಲ್ ಟಿಕೆಟ್ಟೇ ಕೊಡಿ, ಸೀಟಲ್ಲಿ ಕೂರ್ಸ್ತೀನಿ" ಅಂದರಂತೆ. ಅದು ಕಿಟಕಿ ಪಕ್ಕ ಕೂತು ಬಂತು. ಬಸ್ಸು ತುಂಬಿದ್ದರಿಂದ ಮಾವ ನಿಂತುಕೊಂಡು ಬಂದರು.

ಸುಳ್ಳು ಹೇಳಬಾರದು, ಅದರ ಧ್ವನಿ ಬಹಳ ಚೆನ್ನಾಗಿತ್ತು. ಅದಕ್ಕೆ ಜೋಡಿಸಿದ್ದ ಟೇಪ್ ಡೆಕ್ಕಿಗೆ ವೀಣೆಯ ಕ್ಯಾಸೆಟ್ ಹಾಕಿದರೆ ತಂತಿಯ ಮೇಲೆ ಬೆರಳು ಜಾರುವುದೂ ಕೇಳಿಸುತ್ತಿತ್ತು. ಆದರೆ ಅಲ್ಲಿಗೆ ತಲುಪುವುದೇ ಕಷ್ಟ. ಭಾನುವಾರ ಬೆಳಿಗ್ಗೆ ಮೊದಲು ಅದರ ಬಲ್ಬಿನಂಥ ವಾಲ್ವುಗಳು ಅರ್ಧ ಗಂಟೆ ಬಿಸಿಯಾಗಬೇಕು. ಫ್ಯಾನ್ ಬಂದ್, ಕಿಟಕಿ ಬಂದ್. ಕುಕ್ಕರ್ ಕೂಗುವಂತಿಲ್ಲವಾದ್ದರಿಂದ ಆವತ್ತು ಬೇಳೆ ಪಾತ್ರೆಯಲ್ಲೇ ಬೇಯಬೇಕು. ಎಲ್ಲ ಸದ್ದೂ ನಿಂತ ಮೇಲೆ ಮಾವ ಕಣ್ಣು ಮುಚ್ಚಿ, ಒಂದು ನಿಮಿಷ ಆಲಿಸಿ, "ಗುಂಯ್ ಅಂತೈತೆ" ಅನ್ನುತ್ತಿದ್ದರು. ಆಮೇಲೆ ಕೈಗೆ ಸ್ಕ್ರೂಡ್ರೈವರ್ ಬರುತ್ತಿತ್ತು. ಆ ಭಾನುವಾರದ ವೀಣೆ ಅಲ್ಲಿಗೆ ಮುಗಿಯಿತು.

ವಾರವಿಡೀ ತುಮಕೂರಿನ ಪಕ್ಕದ ಸತ್ಯಮಂಗಲದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ಮುಂದೆ ನಿಲ್ಲುವ ಮನುಷ್ಯ ಅವರು. "ಒಂದೇ ಒಂದ್ ಸಲ ಗುಂಯ್ ಇಲ್ದೆ ಇರೋ ವೀಣೆ ಕೇಳ್ಬೇಕು ಕಣೋ. ಆಮೇಲೆ ಇದನ್ನ ಗುಜರಿಗೆ ಹಾಕಿದ್ರೂ ಚಿಂತೆ ಇಲ್ಲ" ಎನ್ನುತ್ತಿದ್ದರು. ಅದು ದೊಡ್ಡ ಆಸೆಯೇನಲ್ಲವಲ್ಲ?

ನಾನು ಗುಬ್ಬಿಯಿಂದ ತುಮಕೂರಿಗೆ ಕಾಲೇಜಿಗೆ ಬರುತ್ತಿದ್ದೆ. ಶನಿವಾರ ರಾತ್ರಿ ಮಾವನ ಮನೆಯಲ್ಲೇ ಉಳಿಯುತ್ತಿದ್ದರಿಂದ ಭಾನುವಾರ ಸಾಕ್ಷಿ ಹೇಳುವುದಕ್ಕೆ ಸುಲಭವಾಗಿ ಸಿಗುತ್ತಿದ್ದೆ.

"ಕೇಳಿಸ್ತಾ?"

"ಇಲ್ಲ ಮಾವ."

"ಸರಿಯಾಗಿ ಕೇಳ್ಲಾ."

"ಇಲ್ಲ ಮಾವ."

"ನಿಂಗೆ ಕಿವಿ ಇರೋದು ಕನ್ನಡಕ ಸಿಗಿಸ್ಕೊಳೋಕೆ" ಎಂದು ಅತ್ತೆಯನ್ನು ಕೂಗುತ್ತಿದ್ದರು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದು, ತಲೆ ಸ್ವಲ್ಪ ವಾಲಿಸಿ, "ಹೂಂ, ಐತೆ. ಹೋದ ವಾರಕ್ಕಿಂತ ವಸಿ ಕಮ್ಮಿ" ಅನ್ನುತ್ತಿದ್ದರು. "ನೋಡಿದ್ಯಾ? ಕಿವಿ ಅಂದ್ರೆ ಅದು" ಎಂದು ಮಾವ ಬೀಗುತ್ತಿದ್ದರು. ನನಗೆ ನನ್ನ ಕಿವಿಯ ಮೇಲೆಯೇ ಅನುಮಾನ ಬಂದಿತ್ತು.

ಒಂದು ವರ್ಷ, ತಪ್ಪೆಲ್ಲ ಅರ್ತಿಂಗ್‌ನದು ಎಂದು ತೀರ್ಮಾನವಾಯಿತು. ತುಮಕೂರಿನ ಬಟವಾಡಿಯಲ್ಲಿದ್ದ ತಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಮಾವ ಎದೆಮಟ್ಟದ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ತಾಮ್ರದ ತಂತಿ ಇಳಿಸಿದರು. ಮನೆ ಓನರ್ ಬಗ್ಗಿ ನೋಡಿ, "ಏನಾದ್ರೂ ಸಿಕ್ಕಿದ್ರೆ ಅರ್ಧ ನಂದು" ಅಂದು ಹೋದರು. ಅರ್ತಿಂಗ್ ಗುಂಡಿ ಒಣಗಬಾರದು. ಅಂದಿನಿಂದ ಅತ್ತೆ ದಿನಾ ತುಳಸಿಗೆ ಒಂದು ಚೊಂಬು, ಅರ್ತಿಂಗಿಗೆ ಒಂದು ಕೊಡ ನೀರು ಹಾಕತೊಡಗಿದರು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿದ್ದ ಬೇಸಿಗೆಯಲ್ಲೂ ಆ ಕೊಡ ತಪ್ಪಲಿಲ್ಲ. ಗುಂಯ್ ಕೂಡ ತಪ್ಪಲಿಲ್ಲ.

ಇನ್ನೊಂದು ಭಾನುವಾರ ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬಂದಿರಲಿಲ್ಲ. ಮಾವ ಆಂಪ್ಲಿಫೈಯರ್‌ಗೆ ಕಿವಿಯಿಟ್ಟು, "ಈಗ್ಲೂ ಅಂತೈತೆ" ಅಂದರು.

"ಕರೆಂಟೇ ಇಲ್ವಲ್ಲ ಮಾವ?"

ಅವರು ಕನಿಕರದಿಂದ ನೋಡಿದರು. "ಕೆಪಾಸಿಟರ್ ಅಂತ ಇರ್ತದೆ. ಅದು ಕರೆಂಟ್ ಹಿಡಿದಿಟ್ಕೊಂಡಿರ್ತದೆ."

ನಾನು ಓದುತ್ತಿದ್ದದ್ದು ಬಿ.ಕಾಂ., ಒಪ್ಪಿಕೊಂಡೆ. ಮುಂದೊಮ್ಮೆ ನಮ್ಮ ಗುಬ್ಬಿ ಮನೆಗೆ ಬಂದು, ಊಟ ಮುಗಿಸಿ ಅಡ್ಡಾದಾಗಲೂ ಮಾವನಿಗೆ ಗುಂಯ್ ಕೇಳಿಸಿತು. "ನಿಮ್ ವೈರಿಂಗಲ್ಲೂ ಇದೇ ತೊಂದ್ರೆ" ಎಂದು ಮೀಟರ್ ಬೋರ್ಡ್ ಬಿಚ್ಚಿದರು. ಎರಡು ದಿನ ನಾವು ಸೀಮೆಎಣ್ಣೆ ದೀಪದಲ್ಲಿ ಉಂಡೆವು.

ಆರು ತಿಂಗಳಿಗೊಮ್ಮೆ ಆಂಪ್ಲಿಫೈಯರ್ ಕುಣಿಗಲ್‌ಗೆ ಹೋಗಿ ಬರುತ್ತಿತ್ತು. ಸಾಹೇಬರು ಮೊದಮೊದಲು, "ಇದ್ರಲ್ಲಿ ಏನೂ ಇಲ್ಲ ಸಾರ್" ಎಂದು ವಾದಿಸಿದರು. ಆಮೇಲೆ ವಾದ ಬಿಟ್ಟು, ಒಂದು ವಾರ ಇಟ್ಟುಕೊಂಡು, "ಈಗ ನೋಡಿ ಸಾರ್, ಎಷ್ಟೋ ವಾಸಿ" ಎಂದು ಕೊಡತೊಡಗಿದರು. ಅದಾದ ಮೇಲೆ ಒಂದು ವಾರ ಮಾವನ ಮುಖದಲ್ಲಿ ಕಳೆ ಇರುತ್ತಿತ್ತು.

ಹೀಗೇ ಹತ್ತು ವರ್ಷದ ಮೇಲಾಯಿತು. ನನಗೆ ತುಮಕೂರಿನಲ್ಲೇ ಕೆಲಸ ಸಿಕ್ಕಿತ್ತು. ಒಂದು ಭಾನುವಾರ ಅತ್ತೆಗೆ ಕಿವಿ ನೋವೆಂದು ಸ್ಕೂಟರಿನಲ್ಲಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಅತ್ತೆಯ ಕಿವಿ ನೋಡಿ, ಡ್ರಾಪ್ಸ್ ಬರೆಯುತ್ತಾ ಕೇಳಿದರು: "ನಿಮ್ಮ ಯಜಮಾನ್ರ ಕಿವಿಲಿ ಗುಂಯ್ ಅನ್ನೋದು ಈಗ ಹೆಂಗಿದೆ? ಪ್ರೆಸ್ ಮೆಷಿನ್ ಸದ್ದಿಗೆ ಆಗಿರೋದು, ಪೂರ್ತಿ ಹೋಗಲ್ಲ ಅಂತ ಆಗ್ಲೇ ಹೇಳಿದ್ನಲ್ಲ."

ಹೊರಗೆ ಬಂದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಆಂಪ್ಲಿಫೈಯರ್ ಸರಿಯಾಗೇ ಇದೆ! ಮಾವನಿಗೆ ಹೇಳ್ಬೇಕು."

"ಹೇಳ್ಬಿಟ್ಟೀಯ, ಹುಷಾರು" ಅಂದರು ಅತ್ತೆ. "ಗುಂಡಿ ತೋಡಿದ ವರ್ಷಾನೇ ನಿಮ್ ಮಾವನ್ನ ಕಿವಿ ಕ್ಲೀನ್ ಮಾಡ್ಸೋಕೆ ಅಂತ ಇಲ್ಲಿಗೆ ಕರ್ಕೊಂಡ್ ಬಂದಿದ್ದೆ. ಅವ್ರಿಗೆ ಹೇಳ್ಬೇಡಿ ಅಂತ ಡಾಕ್ಟ್ರಿಗೆ ಅಂದೋಳು ನಾನೇ. ಮೆಷಿನ್ ಒರೆಸಿಕೊಡಿ ಸಾಕು ಅಂತ ಕುಣಿಗಲ್ ಸಾಹೇಬ್ರಿಗೆ ಹೇಳಿದ್ದೂ ನಾನೇ."

"ಮತ್ತೆ ನಿಮಗೆ ಗುಂಯ್ ಕೇಳಿಸ್ತಿದ್ದಿದ್ದು?"

"ನಂಗೆಲ್ಲಿ ಕೇಳ್ಸುತ್ತೋ?" ಅತ್ತೆ ಸ್ಕೂಟರಿನ ಸೀಟಿನ ಧೂಳು ಒರೆಸುತ್ತಾ ನಿಂತರು. "ಮೆಷಿನ್‌ದು ಅಂದ್ರೆ ಇವತ್ತಲ್ಲ ನಾಳೆ ರಿಪೇರಿ ಆಗ್ತದೆ ಅಂತ ಇರ್ತಾರೆ. ಕಿವಿದು ಅಂದ್ರೆ ಇನ್ಯಾವತ್ತೂ ಹೋಗಲ್ಲ ಅಂತ ಹೇಳ್ದಂಗಲ್ವೇನೋ?"

ನಕ್ಕಿದ್ದಕ್ಕೆ ನಾಚಿಕೆಯಾಯಿತು. ಅಷ್ಟು ವರ್ಷ "ಇಲ್ಲ ಮಾವ, ಇಲ್ಲ ಮಾವ" ಅಂದಿದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು.

ಮನೆಗೆ ಬಂದರೆ ಮಾವ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ವಾಲ್ವುಗಳು ಕೆಂಪಗೆ ಹೊತ್ತಿಕೊಂಡಿದ್ದವು. "ಬಾರೋ, ಹೊಸ ಟ್ರಾನ್ಸ್‌ಫಾರ್ಮರ್ ಹಾಕಿದೀನಿ. ಕೇಳಿಸ್ತಾ?"

ನಾನು ಚಪ್ಪಲಿ ಬಿಟ್ಟು, ಹತ್ತಿರ ಕೂತು, ಕಣ್ಣು ಮುಚ್ಚಿದೆ. ಏನೂ ಕೇಳಿಸಲಿಲ್ಲ.

"ಹೂಂ ಮಾವ. ಗುಂಯ್ ಅಂತೈತೆ. ಆದ್ರೆ ಬಹಳ ಕಮ್ಮಿ."

ಮಾವ ನನ್ನನ್ನೇ ನೋಡಿದರು. ಆಮೇಲೆ ಸ್ಕ್ರೂಡ್ರೈವರನ್ನು ಕೆಳಗಿಟ್ಟರು. "ನಿಂಗೂ ಕೇಳಿಸ್ತಾ? ಹಂಗಾದ್ರೆ ಇರ್ಲಿ ಬುಡು, ಇಷ್ಟಿದ್ರೆ ಪರವಾಗಿಲ್ಲ" ಎಂದು ವೀಣೆಯ ಕ್ಯಾಸೆಟ್ ಹಾಕಿದರು. ಒಂದು ಸೈಡ್ ಪೂರ್ತಿ ಮುಗಿದು, ಡೆಕ್ಕಿನ ಬಟನ್ ತಾನಾಗಿ ಟಕ್ ಎಂದು ಮೇಲೇಳುವವರೆಗೂ ಅವರು ಅಲುಗಾಡಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಸಾಸಿವೆ ಡಬ್ಬಿ ಹಿಡಿದುಕೊಂಡು, ಒಗ್ಗರಣೆ ಹಾಕದೆ ಕಾಯುತ್ತಿದ್ದರು.