ನಲವತ್ತೊಂದು ಡಿಗ್ರಿಯ ಪುರಾವೆ

ಕುಕನೂರಿನ ಕೊಟ್ರಬಸಪ್ಪನಿಗೆ ಬೇಕಾಗಿದ್ದು ಒಂದೇ ಒಂದು ಎಸಿ. ಅರಮನೆ ಕೇಳಿರಲಿಲ್ಲ, ಆನೆ ಕೇಳಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಅವನ ಮಲಗುವ ಕೋಣೆಯಲ್ಲಿ ಮಲಗುವುದೆಂದರೆ ರೊಟ್ಟಿ ಹಂಚಿನ ಮೇಲೆ ಮಗ್ಗುಲು ಬದಲಿಸಿದ ಹಾಗೆ. ಆದರೆ ಮನೆಯ ದುಡ್ಡು, ಬೀಗ, ಕೊನೆಯ ಮಾತು ಮೂರೂ ಹೆಂಡತಿ ಮಲ್ಲೇಶ್ವರಿಯ ಕೈಯಲ್ಲಿ. ಆ ಪುಣ್ಯಾತ್ಮಳಿಗೆ ಸೆಕೆಯೇ ಆಗುತ್ತಿರಲಿಲ್ಲ. ಮನೆ ತಂಪಾಗಿಯೇ ಇದೆ, ಉಷ್ಣ ಇರುವುದು ನಿಮ್ಮ ಮೈಯಲ್ಲಿ ಎಂದು ಗಂಡನಿಗೆ ದಿನಾ ಕಾಮಕಸ್ತೂರಿ ಬೀಜದ ನೀರು ಕುಡಿಸುತ್ತಿದ್ದಳು.

ಹದಿನೈದು ದಿನ ಆ ನೀರು ಕುಡಿದ ಮೇಲೆ ಕೊಟ್ರಬಸಪ್ಪನಿಗೆ ಹಟ ಬಂತು. ಕಾಲೇಜಿನ ಲ್ಯಾಬಿನಲ್ಲಿ ಸಹಾಯಕ ಅವನು. ಬಿಸಿ ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂದು ಹೇಳುವ ಐದು ಸೆನ್ಸರ್ ತರಿಸಿದ. ಕೋಣೆಗೊಂದನ್ನು ಹಚ್ಚಿ ಎಲ್ಲದರ ವೈರನ್ನೂ ಪಡಸಾಲೆಯ ಒಂದು ಡಬ್ಬಿಗೆ ಜೋಡಿಸಿದರೆ, ಡಬ್ಬಿಯ ಪರದೆಯ ಮೇಲೆ ಮನೆಯ ಬಂಡವಾಳವೆಲ್ಲ ಬಯಲು.

"ಆತು ಬಿಡ್ರಿ," ಅಂದಳು ಮಲ್ಲೇಶ್ವರಿ. "ರವಿವಾರ ಮೂರು ಗಂಟೆಕ್ಕ ನೋಡೂಣು. ಮಲಗೂ ಖೋಲಿ ನಲವತ್ತು ದಾಟಿತ್ತಂದ್ರ ಎಸಿ. ದಾಟಲಿಲ್ಲಂದ್ರ ಈ ಜನ್ಮದಾಗ ಆ ಹೆಸರು ಎತ್ತಂಗಿಲ್ಲ."

ರವಿವಾರ ಬೆಳಿಗ್ಗೆ ಕೊಟ್ರಬಸಪ್ಪ ಸ್ಟೂಲು ಹತ್ತಿದ್ದೇ ತಡ, ಪಕ್ಕದ ಮನೆಯ ಗ್ಯಾನಪ್ಪ ಬಂದು ವಕ್ಕರಿಸಿದ. ನಿವೃತ್ತ ಲೈನ್‌ಮನ್. ಮೂವತ್ತು ವರ್ಷ ಕಂಬ ಹತ್ತಿದವನು ಕಂಡವರ ಮನೆಯ ವೈರು ನೋಡಿ ಸುಮ್ಮನಿರುತ್ತಾನೆಯೇ? ಗೋಡೆಗುಂಟ ಮೊಳೆ ಹೊಡೆದು ವೈರು ಬಿಡುವುದು ಕೆಲಸ ಬಾರದವರ ಲಕ್ಷಣವಂತೆ. ವೈರು ಕಂಬದಿಂದ ಕಂಬಕ್ಕೆ ಬಿಗಿಯಾಗಿ ನಿಲ್ಲಬೇಕಂತೆ. ಅದು ಐದು ವೋಲ್ಟಿನ ವೈರು ಎಂದು ಕೊಟ್ರಬಸಪ್ಪ ಹಲ್ಲು ಕಡಿಯುತ್ತಾ ಹೇಳಿದ. ಕೇಳುವ ಕಿವಿ ಇದ್ದರೆ ತಾನೆ? ಗ್ಯಾನಪ್ಪ ಮಲಗುವ ಕೋಣೆಗೆ ನುಗ್ಗಿ, ಉಳಿದ ವೈರನ್ನೆಲ್ಲ ಕಿಟಕಿಯ ಸರಳಿನಿಂದ ಎದುರು ಗೋಡೆಯ ಗೂಟಕ್ಕೆ, ಅಲ್ಲಿಂದ ಮತ್ತೆ ಕಿಟಕಿಗೆ, ಎದೆ ಮಟ್ಟಕ್ಕೆ ಆರು ಸಾಲು ಎಳೆದು ಕಟ್ಟಿ, ಚಹಾ ಕುಡಿದು ಹೋದ.

ಡಬ್ಬಿಯ ಚಾರ್ಜರ್ ಸುಟ್ಟಿತ್ತು. ಹೊಸದು ತರಲು ಬಜಾರಕ್ಕೆ ಹೋದ ಕೊಟ್ರಬಸಪ್ಪ ಒಂದು ಗಂಟೆಗೆ ಬಂದು ನೋಡಿದರೆ ಮಲಗುವ ಕೋಣೆ ಮೂವತ್ತೊಂದು ಡಿಗ್ರಿ, ತೇವ ಎಂಬತ್ತೈದು. ಓಡಿ ಬಾಗಿಲು ತೆರೆದ. ಆರೂ ಸಾಲು ವೈರಿನ ಮೇಲೆ ಹಸಿ ಶಾವಿಗೆ ಇಳಿಬಿದ್ದಿತ್ತು.

ಅವತ್ತು ಓಣಿಯ ಹೆಂಗಸರೆಲ್ಲ ಸೇರಿ ಇವರ ಮನೆಯಲ್ಲೇ ಶಾವಿಗೆ ಮಾಡುವ ಸರದಿ. ಅವರ ಮುಂದಾಳು ಎದುರು ಮನೆಯ ಹುಲಿಗವ್ವ. ಆಕೆ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ ಬಂದು, "ಹೊರಗ ಬರೇ ಧೂಳು, ಗುಬ್ಬಿ ಕಾಟ. ನೀವು ಛಲೋ ಹಗ್ಗ ಕಟ್ಟಿಸೀರಿ ನೋಡ್ರಿ ಅಣ್ಣಾರ, ಪುಣ್ಯ ಬರಲಿ," ಅಂದಳು.

ಕೊಟ್ರಬಸಪ್ಪನಿಗೆ ಮೈ ಪರಚಿಕೊಳ್ಳುವಂತಾಯಿತು. ಉಳಿದಿದ್ದು ಎರಡೇ ತಾಸು, ಎದುರಿಗೆ ಜನ್ಮವಿಡೀ ಕಾಮಕಸ್ತೂರಿ ನೀರು. ಬೇಡಿಕೊಂಡ, ರೇಗಿದ, ಕೊನೆಗೆ ತಾನೇ ಶಾವಿಗೆಯನ್ನು ಕೋಲಿನ ಮೇಲೆ ಎತ್ತಿಕೊಂಡು ಏಳು ಸಲ ಮಾಳಿಗೆ ಹತ್ತಿಳಿದ. ಏಳನೆಯ ಸಲ ಸುಂಟರಗಾಳಿ ಎದ್ದಿತು. ಅರ್ಧ ಶಾವಿಗೆ ಬೇವಿನ ಗಿಡದ ಪಾಲು, ಉಳಿದರ್ಧ ಗ್ಯಾನಪ್ಪನ ಎಮ್ಮೆಯ ಪಾಲಾಯಿತು. ಹೆಂಗಸರು ಅವನ ಏಳು ತಲೆಮಾರನ್ನು ಎಳೆದು ತಂದು ಝಾಡಿಸಿದರು. ಅವನು ಕೆಳಗಿಳಿದು ಕೋಣೆಯ ನೆಲವನ್ನು ಒಣ ಬಟ್ಟೆಯಿಂದ ಒರೆಸಿ, ಹೊರಗಿನ ಬಿಸಿಗಾಳಿ ನುಗ್ಗಲೆಂದು ಕಿಟಕಿ ಬಾಗಿಲು ತೆರೆದಿಟ್ಟು, ಡಬ್ಬಿಯ ಮುಂದೆ ಕೂತ.

ಮೂರು ಹೊಡೆಯಿತು. ಹೆಂಡತಿಯ ಹಿಂದೆ ಓಣಿಯೇ ಬಂದು ನಿಂತಿತು. ಪರದೆಯ ಮೇಲೆ ಮಲಗುವ ಕೋಣೆ: ನಲವತ್ತೊಂದು. ಕೊಟ್ರಬಸಪ್ಪನ ಕಣ್ಣಲ್ಲಿ ನೀರೇ ಬಂತು.

"ಅದರ ತೆಳಗ ಒಂಬತ್ತು ಅಂತ ಐತೆಲ್ಲ, ಅದೇನ್ರಿ?" ಹುಲಿಗವ್ವ ಕೇಳಿದಳು.

ಗೆದ್ದವನ ಬಾಯಿಗೆ ಬೀಗ ಎಲ್ಲಿದೆ? "ಅದು ಗಾಳ್ಯಾಗಿನ ಹಸಿ, ಯವ್ವಾ. ನೂರಕ್ಕ ಒಂಬತ್ತು, ಅಂದ್ರ ಇಲ್ಲಂತನ ಲೆಕ್ಕ. ಈ ಖೋಲ್ಯಾಗ ಏನು ಹಾಕಿದ್ರೂ ಅರ್ಧ ತಾಸಿನ್ಯಾಗ ಗರಿಗರಿ ಒಣಗತೈತಿ. ಇಂಥ ಖೋಲಿ ಇಡೀ ಕುಕನೂರಾಗ ಇನ್ನೊಂದಿಲ್ಲ. ಮನಷಾರು ಮಲಗೂ ಜಾಗಾ ಏನಿದು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಲ್ಲೇಶ್ವರಿ ಮಾಳಿಗೆಯ ಕಡೆ ಒಮ್ಮೆ, ಕೋಣೆಯ ಕಡೆ ಒಮ್ಮೆ ನೋಡಿದಳು.

"ಖರೇ ಅಂದ್ರಿ. ನಾ ಮಾತು ತಪ್ಪಂಗಿಲ್ಲ, ಎಸಿ ತರೂಣು," ಅಂದಳು. "ಆದ್ರ ಈಗ ಹಚ್ಚಿದ್ರ ಇಂಥ ಖೋಲಿ ಕೆಡತೈತಿ. ನೀವು ಕೆಡಿಸಿದ ಶಾವಗಿ ಮತ್ತ ಆಗಬೇಕು. ಓಣ್ಯಾಗಿನವರ ಶಾವಗಿ, ಹಪ್ಪಳ, ಸಂಡಗಿ ಅಷ್ಟೂ ಮುಗಿದ ಮರುದಿನಾನ ಹಚ್ಚಸ್ತೀನಿ."

"ಅವು ಯಾವಾಗ ಮುಗಿತಾವ?" ಕೊಟ್ರಬಸಪ್ಪ ಕೇಳಿದ.

"ಭಾಳ ದಿನ ಇಲ್ಲ ಬಿಡ್ರಿ ಅಣ್ಣಾರ," ಹುಲಿಗವ್ವ ಸಮಾಧಾನ ಹೇಳಿದಳು. "ಮಳಿ ಹಿಡದು ತಂಪಾಗೂತನಕ."

ಅಷ್ಟರಲ್ಲಿ ನಾಲ್ಕು ಮಂದಿ ಹೆಂಗಸರು ಅವನ ಮಂಚವನ್ನು ಅಂಗಳಕ್ಕೆ ಹೊತ್ತು ತರುತ್ತಿದ್ದರು.