ಟೂ ಸ್ಟ್ರೋಕ್ ಬಸವನ ಕೊನೆಯ ಓಟ

ಎಣ್ಣೆಯ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಕಾರಣವೂ ಇತ್ತು. ಕುವೈತಿನ ಮೀನಾ ಅಲ್ ಅಹ್ಮದಿ ರಿಫೈನರಿಯಲ್ಲಿ ನನ್ನ ಹುದ್ದೆಯ ಹೆಸರೇ ಲೂಬ್ರಿಕೇಶನ್ ಇಂಜಿನಿಯರ್. ಯಾವ ಪಂಪಿಗೆ ಯಾವ ಎಣ್ಣೆ, ಎಷ್ಟು, ಯಾವಾಗ ಎಂದು ಹೇಳುವುದೇ ನನ್ನ ಕೆಲಸ. ಮನೆಗೆ ಬಂದ ಮೇಲೂ ಈ ಸೇವೆ ನಿಲ್ಲುತ್ತಿರಲಿಲ್ಲ. ಹೆಂಡತಿ ಸುವರ್ಣಾ ಒಗ್ಗರಣೆಗೆ ಎಣ್ಣೆ ಸುರಿಯುವಾಗ ಹಿಂದೆ ನಿಂತು, "ಸಾಕು, ಸಾಕು! ಎಣ್ಣಿ ಜಾಸ್ತಿ ಆತು!" ಎಂದು ಉಚಿತ ಸಲಹೆ ಕೊಡುತ್ತಿದ್ದೆ. ಅವಳು ಮೊದಲು ಸೌಟನ್ನು ನೋಡುತ್ತಿದ್ದಳು, ಆಮೇಲೆ ನನ್ನನ್ನು.

ಇಂಥ ನನ್ನ ಬಳಿ ಒಂದು ಬಗ್ಗಿ ಇತ್ತು. ಬಗ್ಗಿ ಎಂದರೆ ಕುವೈತಿನ ಚಳಿಗಾಲದಲ್ಲಿ ಜನ ಮರಳುಗಾಡಿಗೆ ಹೋಗಿ ಓಡಿಸುವ, ನಾಲ್ಕು ದಪ್ಪ ಚಕ್ರದ ಮೋಟರ್ ಸೈಕಲ್. ಕೆಲಸ ಬಿಟ್ಟು ಊರಿಗೆ ಹೊರಟ ಸಹೋದ್ಯೋಗಿಯೊಬ್ಬ ನನಗೆ ದಾಟಿಸಿದ್ದು. ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕು. ಆ ಎಣ್ಣೆಯೇ ಇಂಜಿನ್ನಿನ ಜೀವ. ಗದಗಿನಲ್ಲಿ ನಾನು ಓಡಿಸುತ್ತಿದ್ದ ಸ್ಕೂಟರಿನ ಅದೇ ಸದ್ದು, ಅದೇ ನೀಲಿ ಹೊಗೆ, ಅದೇ ವಾಸನೆ! ಪ್ರೀತಿಯಿಂದ ಬಸವ ಎಂದು ಹೆಸರಿಟ್ಟೆ. ಬಸವ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ನಿಂತಿರುತ್ತಿದ್ದ. ಶುರು ಮಾಡಿದರೆ ಎರಡನೇ ಮಹಡಿಯವರೆಗೂ ಕಿಟಕಿಗಳು ಮುಚ್ಚಿಕೊಳ್ಳುತ್ತಿದ್ದವು.

ಹೀಗಿರಲು, ಎದುರು ಮನೆಯ ಸದಾನಂದರು ಹೊಚ್ಚ ಹೊಸ ಫೋರ್ ಸ್ಟ್ರೋಕ್ ಬಗ್ಗಿ ತಂದರು. ಉಡುಪಿ ಕಡೆಯವರು, ಕುವೈತ್ ಸಿಟಿಯ ಮಿರ್ಕಾಬ್ ಬಡಾವಣೆಯ ಆಫೀಸೊಂದರಲ್ಲಿ ಕೆಲಸ. ಅಂದಿನಿಂದ ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಮಕ್ಕಳ ಹುಟ್ಟುಹಬ್ಬದ ಕೇಕಿನ ಮುಂದೆ, ಎಲ್ಲೆಡೆ ಒಂದೇ ವಾಗ್ವಾದ.

"ಎಂತ ಹೊಗೆ ಮಾರಾಯ್ರೆ ಅದು! ನಿಮ್ಮ ಬಗ್ಗಿ ಹೋದ ದಾರಿಯಲ್ಲಿ ಒಂದು ಸೊಳ್ಳೆ ಉಳಿಯುದಿಲ್ಲ" ಎನ್ನುತ್ತಿದ್ದರು ಅವರು.

"ನಿಮ್ಮ ಫೋರ್ ಸ್ಟ್ರೋಕ್ ನಾಕು ಹೊಡತಕ್ಕ ಒಮ್ಮೆ ಕೆಲಸಾ ಮಾಡ್ತದ. ನಮ್ಮ ಬಸವ ಎರಡರಾಗ ಮುಗಸ್ತಾನ!"

"ಮುಗಿಸ್ತಾನೆ, ಹೌದು. ಪೆಟ್ರೋಲನ್ನು!"

ಕೊನೆಗೆ ತೀರ್ಪು ಕೊಟ್ಟವಳು ಸುವರ್ಣಾ. "ಶುಕ್ರವಾರ ಎಲ್ಲಾರೂ ಮರಳುಗಾಡಿಗೆ ಹೊಂಟೇವಲ್ಲ, ಅಲ್ಲೇ ರೇಸ್ ಹಚ್ಚರಿ. ನೀವು ಗೆದ್ರ ನಾ ಹೊಗಿ ಸುದ್ದಿ ತೆಗ್ಯಂಗಿಲ್ಲ. ಸೋತ್ರ ಬಸವಣ್ಣನ್ನ ಮಾರಬೇಕು. ಏನಂತೀರಿ?"

ಮಗಳು ಪುಸ್ತಕದಿಂದ ತಲೆ ಎತ್ತಿ, "ಅಪ್ಪಾ, ಪ್ಲೀಸ್ ಡೋಂಟ್" ಎಂದಳು. ಮನೆಯಲ್ಲಿ ಅಷ್ಟು ಬುದ್ಧಿಯಿದ್ದವಳು ಅವಳೊಬ್ಬಳೇ. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ಶುಕ್ರವಾರ ಬೆಳಿಗ್ಗೆ ನನಗೊಂದು ದಿವ್ಯ ಯೋಚನೆ ಬಂತು. ಸದಾನಂದರ ಮುಖ್ಯ ಆಕ್ಷೇಪಣೆ ಹೊಗೆಯ ಮೇಲೆ. ಹೊಗೆ ಬರುವುದು ಎಣ್ಣೆಯಿಂದ. ಆದ್ದರಿಂದ ಎಣ್ಣೆ ಕಡಿಮೆ ಮಾಡಿದರೆ ಹೊಗೆಯೇ ಇಲ್ಲ! ಅಳತೆಯ ಡಬ್ಬಿ ಪಕ್ಕಕ್ಕಿಟ್ಟು, ಬಸವನ ಪೆಟ್ರೋಲಿಗೆ ಒಂದೇ ಒಂದು ಮುಚ್ಚಳ ಎಣ್ಣೆ ಹಾಕಿದೆ. ದೇವರಿಗೆ ತೀರ್ಥ ಕೊಟ್ಟಷ್ಟು. ರಿಫೈನರಿಯಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಅವನ ಮೇಲೆ ವರದಿ ಬರೆಯುತ್ತಿದ್ದೆ.

ಎರಡೂ ಬಗ್ಗಿಗಳನ್ನು ಹಾಫ್ ಲಾರಿ ಎಂದು ಇಲ್ಲಿ ಕರೆಯುವ ಬಾಡಿಗೆಯ ಸಣ್ಣ ಲಾರಿಯಲ್ಲಿ ಹಾಕಿ ಟಾರು ರಸ್ತೆ ಮುಗಿಯುವವರೆಗೆ ಸಾಗಿಸಿ, ಅಲ್ಲಿಂದ ನಾನು ಬಸವನನ್ನು ಮೆಲ್ಲಗೆ ಓಡಿಸಿಕೊಂಡು ಮರಳಿಗಿಳಿದೆ. ಸದಾನಂದರು ತಮ್ಮ ಹೊಸ ಬಗ್ಗಿಗೆ ಗೀರು ಬೀಳಬಾರದೆಂದು ಅದನ್ನು ನಮ್ಮ ಜೀಪಿಗೆ ಕಟ್ಟಿ ಎಳೆಸಿಕೊಂಡು ಬಂದರು. ಜೀಪು ಓಡಿಸಿದ್ದು ಸುವರ್ಣಾ. ನಮ್ಮ ಕಟ್ಟಡದ ಕನ್ನಡದ ಮನೆಗಳೆಲ್ಲ ಚಾಪೆ ಹಾಸಿ, ಅವಲಕ್ಕಿ ಬಿಚ್ಚಿ, ನಮ್ಮನ್ನು ನೋಡಲು ಕೂತವು. ದೂರದ ಕರೆಂಟ್ ಕಂಬವನ್ನು ಸುತ್ತಿ ಬರಬೇಕು. ಬಸವ ಒಂದೇ ಕಿಕ್ಕಿಗೆ ಎದ್ದ. ಹೊಗೆ? ಇಲ್ಲವೇ ಇಲ್ಲ! ನಾನು ಸುವರ್ಣಾಳ ಕಡೆ ವಿಜಯದ ದೃಷ್ಟಿ ಬೀರಿದೆ.

ಸದಾನಂದರ ಬಗ್ಗಿ ಮಾತ್ರ ಎಷ್ಟು ಒತ್ತಿದರೂ ಶುರುವಾಗಲೊಲ್ಲದು. ಆ ಕ್ಷಣ ನಾನು ಸುಮ್ಮನೆ ಕಂಬ ಸುತ್ತಿ ಬಂದಿದ್ದರೆ ಗೆದ್ದಿದ್ದೆ. ಆದರೆ ಸುಮ್ಮನಿದ್ದರೆ ನಾನು ನಾನಾಗುವುದು ಹೇಗೆ?

"ಸದಾನಂದರ, ಚಿಂತಿ ಮಾಡಬ್ಯಾಡ್ರಿ. ಊರಾಗ ಸ್ಕೂಟರ್ ಚಾಲೂ ಆಗ್ಲಿಲ್ಲಂದ್ರ ಏನ್ ಮಾಡ್ತಿದ್ರಿ?"

ಅವರ ಮುಖ ಅರಳಿತು. "ವಾಲಿಸುದು!"

ಅದೇ. ಸ್ಕೂಟರನ್ನು ಒಂದು ಬದಿಗೆ ವಾಲಿಸಿ, ಎತ್ತಿ ನಿಲ್ಲಿಸಿ ಕಿಕ್ ಹೊಡೆಯದೆ ನಮ್ಮ ತಲೆಮಾರಿನವರು ಯಾರೂ ಆಫೀಸು ಮುಟ್ಟಿಲ್ಲ. ಎರಡೂ ಕಡೆಯ ಕರ್ನಾಟಕ ಒಂದಾದದ್ದು ಇದೊಂದೇ ವಿಷಯದಲ್ಲಿ! ಚಾಪೆಯ ಮೇಲಿದ್ದ ಗಂಡಸರೆಲ್ಲ ಅವಲಕ್ಕಿ ಬಿಟ್ಟು ಎದ್ದು ಬಂದರು. "ಐಸಾ!" ಎಂದು ಹೊಸ ಬಗ್ಗಿಯನ್ನು ಮಲಗಿಸಿದೆವು. ಸಾಲದೆಂದು ಇನ್ನೊಂದು ಬದಿಗೂ ಮಲಗಿಸಿದೆವು. ಫೋರ್ ಸ್ಟ್ರೋಕಿನಲ್ಲಿ ಎಣ್ಣೆ ಇಂಜಿನ್ನಿನ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ, ಮಲಗಿಸಿದರೆ ಹೋಗಬಾರದ ಕಡೆಗೆಲ್ಲ ಹರಿಯುತ್ತದೆ ಎಂಬುದು ಲೂಬ್ರಿಕೇಶನ್ ಇಂಜಿನಿಯರಿಗೆ ಹೊಳೆಯಲಿಲ್ಲ.

ನಿಲ್ಲಿಸಿದ ಮೇಲೆ ಸದಾನಂದರು ಬಾಗಿ ಇಂಜಿನ್ನಿನ ಕಡೆ ನೋಡಿ, "ಅಯ್ಯೋ! ಪೆಟ್ರೋಲಿನ ಕಾಕ್ ತೆರೆದೇ ಇಲ್ಲ ಮಾರಾಯ್ರೆ!" ಎಂದರು. ತಿರುಗಿಸಿ ಗುಂಡಿ ಒತ್ತಿದರು.

ಬಗ್ಗಿ ಶುರುವಾಯಿತು. ಆಮೇಲೆ ನಮಗೆ ಬಗ್ಗಿ ಕಾಣಲಿಲ್ಲ. ಸದಾನಂದರೂ ಕಾಣಲಿಲ್ಲ. ಚಾಪೆ, ಅವಲಕ್ಕಿ, ಹೆಂಡಿರು, ಮಕ್ಕಳು, ಯಾರೂ ಕಾಣಲಿಲ್ಲ. ಬಸವ ಜೀವಮಾನವೆಲ್ಲ ಬಿಟ್ಟ ಹೊಗೆ ಅದರ ಮುಂದೆ ಊದುಬತ್ತಿ! ಪಕ್ಕದ ಡೇರೆಯಿಂದ ಹಿರಿಯ ಕುವೈತಿಯೊಬ್ಬರು ಬೆಂಕಿ ಬಿದ್ದಿದೆಯೆಂದು ನೀರಿನ ಕ್ಯಾನು ಹಿಡಿದು ಓಡಿ ಬಂದರು. ಬಗ್ಗಿ ಎರಡು ಸಲ ಕೆಮ್ಮಿ ನಿಂತುಹೋಯಿತು. ಆ ಹಿರಿಯರು ನನ್ನ ಮೈಮೇಲಿನ ಕಂಪನಿಯ ಜಾಕೆಟ್ ನೋಡಿ, "ಮುಹಂದಿಸ್?" ಎಂದರು. ಇಂಜಿನಿಯರಾ ಎಂದು ಅರ್ಥ. ನಾನು ತಲೆಯಾಡಿಸಿದೆ. ಅವರೂ ತಲೆಯಾಡಿಸಿದರು, ಬೇರೆ ರೀತಿಯಲ್ಲಿ. "ಖಲಾಸ್" ಎಂದು ಹೇಳಿ ಕ್ಯಾನು ಎತ್ತಿಕೊಂಡು ಹೋದರು.

"ಈಗ ಎಂತ ಮಾಡುದು?" ಸದಾನಂದರ ದನಿ ಅಳುವಂತಿತ್ತು.

"ನನ್ನ ಬಸವ ಇದ್ದಾನಲ್ರಿ!" ಎಂದೆ. ಹಗ್ಗ ಕಟ್ಟಿ ಅವರ ಬಗ್ಗಿಯನ್ನು ಟಾರು ರಸ್ತೆಯ ಕಡೆ ಎಳೆಯತೊಡಗಿದೆ. ಟೂ ಸ್ಟ್ರೋಕು ಫೋರ್ ಸ್ಟ್ರೋಕನ್ನು ಎಳೆದೊಯ್ಯುವ ಆ ಮೆರವಣಿಗೆ! ಆ ಐದು ನಿಮಿಷ ನಾನು ನಿಜಕ್ಕೂ ಸುಖಿಯಾಗಿದ್ದೆ. ಭಾರ ಎಳೆದು ಬಸವ ಕಾದ. ದನಿ ಸಣ್ಣದಾಯಿತು. ನಾನು ಇನ್ನಷ್ಟು ಆಕ್ಸಿಲರೇಟರ್ ತಿರುಗಿಸಿದೆ. 'ಕಿರ್ರ್' ಎಂದಿತು. ಆಮೇಲೆ ಮರಳುಗಾಡು ಬಹಳ ನಿಶ್ಶಬ್ದವಾಗಿತ್ತು. ಎಣ್ಣೆಯಿಲ್ಲದೆ ಪಿಸ್ಟನ್ ಒಳಗೇ ಹಿಡಿದುಕೊಂಡಿತ್ತು.

ಒಂದು ಇಂಜಿನ್ನಿಗೆ ಬೇಡದಲ್ಲಿ ಎಣ್ಣೆ ಕುಡಿಸಿ, ಇನ್ನೊಂದಕ್ಕೆ ಬೇಕಾದಲ್ಲಿ ಎಣ್ಣೆ ತಪ್ಪಿಸಿ, ಒಂದೇ ಮುಂಜಾನೆ ಎರಡನ್ನೂ ಮುಗಿಸಿದ ಕೀರ್ತಿ ನನ್ನದು. ಬಸವನ ಬಿಸಿ ಟ್ಯಾಂಕಿನ ಮೇಲೆ ಕೈಯಿಟ್ಟು ಕೂತೆ.

ಸುವರ್ಣಾ ಜೀಪು ತಂದಳು. ಹಗ್ಗಕ್ಕೆ ಮೊದಲು ಬಸವ, ಅವನ ಹಿಂದೆ ಸದಾನಂದರ ಬಗ್ಗಿ. ಹ್ಯಾಂಡಲ್ ಹಿಡಿದು ನಾವಿಬ್ಬರು ಮೇಲೆ. ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು:

"ಈ ಜೀಪು ಯಾವ ಸ್ಟ್ರೋಕ್ರೀ?"

"ಫೋರ್" ಎಂದೆ, ಮರಳು ನೋಡುತ್ತ.

"ಹಂಗಾದ್ರ ಗೆದ್ದಿದ್ದು ಯಾರು ಅಂತ ತಿಳೀತಲ್ಲ!"

ಬಸವ ಮರುವಾರವೇ ಗುಜರಿಗೆ ಹೋದ. ಅವನನ್ನು ಬೀಳ್ಕೊಟ್ಟು ಮೇಲೆ ಬಂದಾಗ ಸುವರ್ಣಾ ಎಣ್ಣೆಗಾಯಿ ಮಾಡುತ್ತಿದ್ದಳು. ಎಣ್ಣೆಯ ಡಬ್ಬಿ ಎತ್ತಿ, ಬಾಣಲೆಯ ಮೇಲೆ ಹಿಡಿದು, ನನ್ನ ಕಡೆ ತಿರುಗಿದಳು.

"ಇಂಜಿನಿಯರ್ ಸಾಹೇಬ್ರ, ಎಷ್ಟು ಹಾಕ್ಲಿ?"

"ನಿನಗ ತಿಳಿದಷ್ಟು ಹಾಕು" ಎಂದೆ.

ಹಾಕಿದಳು. ಬದನೆಕಾಯಿಗಳು ತೇಲತೊಡಗಿದವು. ಬಾಯಿಯವರೆಗೆ ಬಂದ 'ಸಾಕು' ಎಂಬ ಮಾತನ್ನು ನುಂಗಿಕೊಂಡು ನಾನು ತಾಟು ಹಾಕಿಕೊಂಡು ಕೂತೆ.